ಬಿಸಿಲಿಗೆ ಬೆನ್ನು ಕೊಟ್ಟ ಶೀಟು

ಮೇಷ್ಟ್ರು ಶೀಟಿನ ಚೂರನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರು, ಅಷ್ಟೇ. ಅದು ಒಣ ಕಡ್ಡಿಯ ಹಾಗೆ ಲಟಕ್ಕನೆ ಮುರಿಯಿತು.

"ಹೊಸದಾಗಿದ್ರೆ ಸುತ್ತಿಗೇಲಿ ಹೊಡೆದ್ರೂ ಒಡೀತಿರ್ಲಿಲ್ಲ," ಅಂದರು. "ಎಷ್ಟು ಹಳೇದಮ್ಮ ಇದು?"

"ಎರಡು ಬೇಸಿಗೆ ಕಂಡಿದೆ ಸರ್, ಅಷ್ಟೇ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿಕೊಂಡರು. "ಹತ್ತು ವರ್ಷ ಬಾಳ್ಬೇಕಾಗಿತ್ತು."

ಪೈಪಣ್ಣನೂ ಇನ್ನೊಂದಷ್ಟು ವರ್ಷ ಬಾಳಬೇಕಾಗಿತ್ತು. ಔಷಧದ ಬೇರು ಒಣಗಿಸುವ ಕಾರ್ಖಾನೆಯ ಚಾವಣಿ ತೊಳೆಯಲು ಹೋದ ಆ ಮುದುಕ ಶೀಟು ಒಡೆದು ಬಿದ್ದು ಸತ್ತ. ಚಾವಣಿ ಕೂರಿಸಿದ ಫಿಟ್ಟರ್, ನನ್ನ ಅಕ್ಕನ ಗಂಡ, ನನ್ನ ಭಾವ, ಲಾಕಪ್ಪಿನಲ್ಲಿದ್ದಾರೆ.

ಇಂಥ ಕೇಸು ನನ್ನದಲ್ಲ. ಮದುವೆಗೆ ಮುಂಚೆ ಗಂಡಿನ ನಡತೆ ವಿಚಾರಿಸುವುದು, ಮನೆ ಬಿಟ್ಟು ಹೋದವರನ್ನು ಹುಡುಕುವುದು ನನ್ನ ಕಸುಬು. ಠಾಣೆಯವರು ನನಗೆ ಮೂಗಮ್ಮ ಎಂದು ಹೆಸರಿಟ್ಟಿದ್ದಾರೆ, ಕಂಡಲ್ಲೆಲ್ಲ ಮೂಗು ತೂರಿಸುತ್ತೇನೆಂದು. ಈ ಸಲ ತೂರಿಸಿದ್ದು ನಾನಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು. ಅಕ್ಕ ಅಳುವವಳಲ್ಲ.

"ಈ ಬಿಸಿಗಾಳಿ ಚಾವಣಿ ಅಂದ್ರೆ ಏನು ಗೊತ್ತಾ?" ಮೇಷ್ಟ್ರು ಪಾಠಕ್ಕೆ ಇಳಿದರು. ಕಾಲೇಜಿನಲ್ಲಿ ಬಿಸಿಲ ಶಾಖದ ಯಂತ್ರಗಳನ್ನು ಪರೀಕ್ಷಿಸುವವರು, ಸುಮ್ಮನೆ ಇರಿ ಅನ್ನಲಾಗುವುದಿಲ್ಲ. "ಬಿಸಿಲು ಒಳಗೆ ಬರ್ಬೇಕು, ಕಾವು ಹೊರಗೆ ಹೋಗ್ಬಾರ್ದು. ಮೇಲೆ ಪಾರದರ್ಶಕ ಮುಚ್ಚಳ, ಅದರ ಕೆಳಗೆ ಕಪ್ಪು ಜಾಲರಿ. ಜಾಲರಿ ಕಾಯುತ್ತೆ. ಫ್ಯಾನು ಆ ಬಿಸಿಗಾಳೀನ ಕೆಳಗಿನ ಹಾಲಿಗೆ ಎಳ್ಕೊಳ್ಳುತ್ತೆ. ಮುಚ್ಚಳ ಕೆಟ್ರೆ ಎಲ್ಲಾ ಕೆಟ್ಟ ಹಾಗೆ."

"ಗಾಜೇ ಇದ್ದಿದ್ರೆ ಚೆನ್ನಾಗಿತ್ತಲ್ವಾ ಸರ್?"

"ಗಾಜು ಮುದಿಯಾಗಲ್ಲ, ನಿಜ. ಆದ್ರೆ ಭಾರ, ಆಲಿಕಲ್ಲು ಬಿದ್ರೆ ಹೋಯ್ತು. ತೆಳು ಪ್ಲಾಸ್ಟಿಕ್ ಹಾಳೆ ಅಗ್ಗ, ಆದ್ರೆ ಒಳಗಿನ ಕಾವು ಅದರಲ್ಲಿ ಸೋರಿಹೋಗುತ್ತೆ, ಒಂದೆರಡು ಬೇಸಿಗೇಲಿ ಚಿಂದಿ. ಈ ಪಾಲಿಕಾರ್ಬೊನೇಟ್ ಶೀಟು ಹಗುರ, ಗಟ್ಟಿ. ಇದಕ್ಕೆ ಇರೋದು ಒಬ್ಬನೇ ಶತ್ರು."

"ಯಾರು?"

"ಬಿಸಿಲು."

ಬಿಸಿಲಿಗೆಂದೇ ಹುಟ್ಟಿದ ವಸ್ತುವಿಗೆ ಬಿಸಿಲೇ ಶತ್ರು. ನಾನು ವಿಚಾರಿಸಿ ಕೊಟ್ಟ ಎಷ್ಟೋ ಸಂಬಂಧಗಳು ಕೊನೆಗೆ ಹೀಗೆಯೇ ಆಗಿದ್ದವು. ಬೇರೆ ದಿನವಾಗಿದ್ದರೆ ಜೋರಾಗಿ ನಕ್ಕಿರುತ್ತಿದ್ದೆ.

"ಅದಕ್ಕೇ ಒಂದು ಮುಖಕ್ಕೆ ಕಾಪಾಡೋ ಪದರ ಬಳಿದಿರ್ತಾರೆ," ಎನ್ನುತ್ತ ಮೇಷ್ಟ್ರು ಕಿಟಕಿಯ ಪರದೆ ಎಳೆದು, ನೇರಳೆ ಬೆಳಕಿನ ಚಿಕ್ಕ ಟಾರ್ಚು ಹಚ್ಚಿದರು. "ಪದರ ಇರೋ ಮುಖ ಈ ಬೆಳಕಿಗೆ ಹೊಳೆಯುತ್ತೆ. ಅದು ಆಕಾಶ ನೋಡ್ತಿರ್ಬೇಕು."

ಚೂರಿನ ಒಂದು ಮುಖ ತಿಳಿನೀಲಿಯಾಗಿ ಹೊಳೆಯಿತು. ಇನ್ನೊಂದು ಸುಮ್ಮನಿತ್ತು. ಆ ಸುಮ್ಮನಿದ್ದ ಮುಖದಲ್ಲೇ ಹಕ್ಕಿಯ ಹಿಕ್ಕೆ ಅಂಟಿತ್ತು, ಪೈಪಣ್ಣನ ಬ್ರಷ್ಷಿನ ಗೀರುಗಳಿದ್ದವು.

ಹಕ್ಕಿ ಚಾವಣಿಯ ಒಳಗೆ ಕೂತು ಹಿಕ್ಕೆ ಹಾಕುವುದಿಲ್ಲ. ಅಂದರೆ ಶೀಟು ಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು.

ಚಾವಣಿಯ ಬೇರೆ ಬೇರೆ ಮೂಲೆಯಿಂದ ಆರಿಸಿ ತಂದಿದ್ದ ಉಳಿದ ಚೂರುಗಳನ್ನೂ ಮುಂದಿಟ್ಟೆ. ಒಂದೊಂದಾಗಿ ನೋಡಿದರು. ಎಲ್ಲವೂ ಹಾಗೆಯೇ. ಇಡೀ ಚಾವಣಿಯೇ ತಿರುವುಮುರುವು.

"ಹೀಗಿದ್ರೆ ಬೇಗ ಹಳದಿಯಾಗುತ್ತೆ. ಬಿಸಿಲು ಒಳಗೆ ಇಳಿಯೋದು ಕಮ್ಮಿಯಾಗುತ್ತೆ. ಗಾಳಿ ದಿನಾ ಸ್ವಲ್ಪ ಸ್ವಲ್ಪ ತಣ್ಣಗಾಗ್ತಾ ಬಂದಿರ್ಬೇಕು. ಕಾರ್ಖಾನೆಯೋರಿಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಹಿಂದಿನ ದಿನವೇ ಮ್ಯಾನೇಜರ್ ನನ್ನ ಮುಂದೆ ಗೋಳಾಡಿದ್ದ. ಬೇರು ಒಣಗುತ್ತಿಲ್ಲ, ಬೂಷ್ಟು ಹಿಡಿಯುತ್ತಿದೆ ಎಂದು ಹೋದ ವರ್ಷದಿಂದಲೇ ತಕರಾರು. ಚಾವಣಿ ನೋಡಿದರೆ ಹಳದಿ. ಕೊಳೆ ಅಂದುಕೊಂಡರು. ವಾರಕ್ಕೊಮ್ಮೆ ತೊಳೆಯುತ್ತಿದ್ದ ಪೈಪಣ್ಣನನ್ನು ದಿನಾ ಹತ್ತಿಸಿದರು, ಚೆನ್ನಾಗಿ ಉಜ್ಜು ಎಂದು ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಮುದುಕ ಕೊಳೆಯೇ ಅಲ್ಲದ ಕೊಳೆಯನ್ನು ಉಜ್ಜಿ ಉಜ್ಜಿ ಸತ್ತ.

ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. ಅವರು ಪರದೆ ಸರಿಸಿದರು. ಟಾರ್ಚು ಎರವಲು ಕೇಳಿದೆ, ಕೊಟ್ಟರು.

* * *

"ಬಂದ್ಯಾ ಪತ್ತೇದಾರಿಣಿ," ಅಂದರು ಭಾವ. "ಕೂತ್ಕೊ ಅನ್ನೋಣ ಅಂದ್ರೆ ಇಲ್ಲಿ ನನಗೇ ಕುರ್ಚಿ ಇಲ್ಲ."

ಕಂಬಿಯ ಆಚೆ ಗೋಡೆಗೆ ಒರಗಿ ನಿಂತಿದ್ದರು. ಗಡ್ಡ ಬಿಟ್ಟಿತ್ತು. ಬೆಳಿಗ್ಗೆ ಎದ್ದರೆ ಸುಮ್ಮನಿರದ ಮನುಷ್ಯ, ನಲ್ಲಿ ಸೋರಿದರೂ ಬಾಗಿಲು ಕಿರುಗುಟ್ಟಿದರೂ ಸ್ಪ್ಯಾನರ್ ಹಿಡಿದು ಓಡುವವರು. ಈಗ ಆ ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು.

"ತಪ್ಪು ಒಪ್ಕೊಂಡ್ರಂತೆ ಭಾವ. ಪೇದೆ ಹೇಳ್ದ."

"ಹೂಂ. ಪದರ ಕೆಳಗಾಗಿದೆ. ನಾನೇ ಮಾಡಿದ್ದು. ಸಹಿ ಹಾಕ್ಬಿಟ್ಟೆ."

ನಾನು ಮೇಷ್ಟ್ರ ಪ್ರಯೋಗಾಲಯದಿಂದ ನೇರ ಬಂದಿದ್ದೆ. ಪದರದ ಸುದ್ದಿ ಇನ್ನೂ ಯಾರಿಗೂ ಹೇಳಿರಲಿಲ್ಲ.

"ಪದರದ ವಿಷಯ ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ವಯಸ್ಸೆಲ್ಲಾ ಚಾವಣಿ ಮೇಲೇ ಕಳೆದಿದೀನಿ. ಹಳದಿ ನೋಡಿದ್ರೆ ಗೊತ್ತಾಗಲ್ವಾ?"

ಸರಿಯೇ ಅನ್ನಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ.

"ಹೇಗೆ ಮಾಡಿದ್ರಿ, ಅದು ಹೇಳಿ."

"ಚಾವಣಿ ಮೇಲೆ ಶೀಟು ಹಾಸೋವಾಗ ಅವಸರದಲ್ಲಿ ತಿರುವಿ ಹಾಕ್ಬಿಟ್ಟೆ."

"ಎಲ್ಲಾ ಶೀಟೂನಾ?"

"ಎಲ್ಲಾನೂ."

"ಒಂದೂ ಬಿಡದ ಹಾಗೆ ಅವಸರ ಮಾಡಿದ್ರಾ?"

ಭಾವ ಕಾಲಿನ ಹೆಬ್ಬೆರಳಿಂದ ನೆಲ ಕೆರೆದರು.

"ಭಾವ, ಶೀಟು ನೀವು ಹಾಸೋದೇ ಇಲ್ಲ. ಚೌಕಟ್ಟಿಗೆ ಕೂರಿಸಿ, ಪಟ್ಟಿ ಹೊಡೆದು, ಅಂಟು ತುಂಬಿ ವರ್ಕ್‌ಶಾಪಿಂದಲೇ ಬರುತ್ತೆ. ನೀವು ಎತ್ತಿಟ್ಟು ಬೋಲ್ಟು ಬಿಗೀತೀರಿ. ಚೌಕಟ್ಟನ್ನೇ ತಿರುವಿ ಇಟ್ಟಿದ್ರೆ ಬೋಲ್ಟು ತೂರಿಸೋ ಕಿವಿಗಳು ಆಕಾಶಕ್ಕೆ ಬರ್ಬೇಕಿತ್ತು. ಬಂದಿಲ್ಲ. ನಾನು ಹತ್ತಿ ನೋಡಿದೀನಿ."

"ಆ ಚಾವಣಿ ಹತ್ತಿದ್ಯಾ?" ಭಾವನ ಧ್ವನಿ ಒಮ್ಮೆಲೇ ಗಡುಸಾಯಿತು. "ನಿನಗೆ ಬುದ್ಧಿ ಇದೆಯಾ? ಯಾರು ಬಿಟ್ರು ನಿನ್ನ?"

"ಹಲಗೆ ಹಾಕ್ಕೊಂಡು ಹತ್ತಿದೆ. ಮಾತು ತಿರುಗಿಸ್ಬೇಡಿ. ಯಾರನ್ನ ಉಳಿಸೋಕೆ ಸಹಿ ಹಾಕಿದ್ರಿ?"

ಅವರು ನಿಧಾನವಾಗಿ ಕಂಬಿಯ ಹತ್ತಿರ ಬಂದರು. ಇಷ್ಟು ವರ್ಷದಲ್ಲಿ ಭಾವ ನನ್ನನ್ನು ರೇಗಿಸದೆ ಒಂದು ಮಾತಾಡಿದ್ದು ನನಗೆ ನೆನಪಿಲ್ಲ. ನನ್ನ ಮೂಗು, ನನ್ನ ಹಳೇ ಸ್ಕೂಟರ್, ನನಗಿನ್ನೂ ಕೂಡಿಬರದ ಮದುವೆ, ಎಲ್ಲವೂ ಅವರಿಗೆ ಆಟದ ವಸ್ತು. ಈಗ ಆ ಮುಖದಲ್ಲಿ ಆಟವಿರಲಿಲ್ಲ.

"ನಿನಗೆ ಕೇಸು ಗೆಲ್ಬೇಕಾ, ನಿಮ್ಮಕ್ಕ ಬೇಕಾ?"

"ಅಕ್ಕಾನೇ ಕಳಿಸಿದ್ದು ನನ್ನ."

"ಅದೇ ನೋಡು," ಅಂದರು. "ಇಲ್ಲಿಗೇ ಬಿಟ್ಬಿಡಮ್ಮ. ಕೈ ಮುಗೀತೀನಿ."

ನಿಜವಾಗಿಯೂ ಕೈ ಮುಗಿದರು. ಹಿರಿಯರು ಕಿರಿಯರಿಗೆ ಕೈ ಮುಗಿದರೆ ನೋಡಲಾಗದು. ನಾನು ಮುಖ ತಿರುಗಿಸಿಕೊಂಡು ಹೊರಗೆ ಬಂದೆ.

* * *

ಸ್ಕೂಟರ್ ಹತ್ತುವ ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ವರ್ಕ್‌ಶಾಪಿನಲ್ಲಿ ಮುಚ್ಚಳಕ್ಕೆ ಶೀಟು ಕೂರಿಸುವ ಮೇಜು ಯಾರದ್ದೆಂದು ನನಗೆ ಗೊತ್ತಿಲ್ಲವೇ? ಆ ಮೇಜಿನ ಯಜಮಾನಿ ನನ್ನಕ್ಕ. ಇಬ್ಬರಿಗೂ ಒಂದೇ ಕಡೆ ಕೆಲಸ, ಅವಳು ಕೂರಿಸುತ್ತಾಳೆ, ಭಾವ ಹೊತ್ತೊಯ್ದು ಚಾವಣಿಗೆ ಬಿಗಿಯುತ್ತಾರೆ.

ಆದರೂ ಒಂದು ಆಸೆ ಉಳಿದಿತ್ತು. ಹೊಸ ಶೀಟಿನ ಎರಡೂ ಮುಖಕ್ಕೆ ತೆಳು ಪೊರೆ ಅಂಟಿಸಿರುತ್ತಾರೆ, ಗೀರು ಬೀಳದಿರಲೆಂದು. ಪದರ ಇರುವ ಮುಖದ ಪೊರೆಯ ಮೇಲೆ ಅಕ್ಷರ ಅಚ್ಚಾಗಿರುತ್ತದೆ. ಶೀಟು ಮಾರಿದವನೇ ಅಕ್ಷರದ ಪೊರೆಯನ್ನು ತಪ್ಪು ಮುಖಕ್ಕೆ ಅಂಟಿಸಿ ಕೊಟ್ಟಿರಬಾರದೇಕೆ? ಹಾಗಾದರೆ ಅಕ್ಕನ ತಪ್ಪೇನು? ದಾರಿಯುದ್ದಕ್ಕೂ ಆ ವ್ಯಾಪಾರಿ ಕಳ್ಳನಾಗಿರಲಿ ಎಂದು ಬೇಡಿಕೊಂಡೆ. ಇನ್ನೊಬ್ಬರಿಗೆ ಕೇಡಾಗಲಿ ಎಂದು ನಾನು ಮನಸಾರೆ ಬೇಡಿಕೊಂಡದ್ದು ಅದೇ ಮೊದಲು.

"ಕೈ ತೊಳ್ಕೊಂಡು ಬಾರೇ," ಎಂದಳು ಅಕ್ಕ, ವರ್ಕ್‌ಶಾಪಿನ ಬಾಗಿಲಲ್ಲಿ ನನ್ನ ಮುಖ ಕಂಡ ಕೂಡಲೇ. "ಬೀದಿ ಧೂಳು ಹೊತ್ಕೊಂಡು ಬರ್ತೀಯ. ಶೀಟಿಗೆ ಗೀರು ಬೀಳುತ್ತೆ."

ಗಂಡ ಲಾಕಪ್ಪಿನಲ್ಲಿದ್ದರೂ ಅವಳು ಕೆಲಸಕ್ಕೆ ಬಂದಿದ್ದಳು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದಿದ್ದಳು. ಎತ್ತರದ ಸ್ಟೂಲು, ಬೆರಳ ತುದಿಗೆಲ್ಲ ಒಣಗಿದ ಅಂಟು, ಕೊರಳಲ್ಲಿ ದಾರಕ್ಕೆ ತೂಗುವ ಕನ್ನಡಕ. ಅವಳ ಮೇಜಿನಿಂದ ಹೋದ ಮುಚ್ಚಳ ಸೋರಿತೆಂದು ಯಾರೂ ಹೇಳಿದ್ದಿಲ್ಲ. ಅದು ಅವಳ ಒಡವೆ.

"ಯಾರು ಅಂತ ಗೊತ್ತಾಯ್ತೇನೇ ಪುಟ್ಟಿ?"

"ಹುಡುಕ್ತಿದೀನಿ."

"ಯಾರೇ ಆಗ್ಲಿ, ಬಿಡಬೇಡ. ಮಣ್ಣಿಗೆ ಹೋದಾಗ ಆ ಮುದುಕನ ಹೆಂಡತಿ ನನ್ನ ಕೈ ಹಿಡ್ಕೊಂಡು ಒಂದೇ ಕೇಳಿದ್ಲು, ಉಜ್ಜಿದ್ದು ಸಾಲ್ದೇ ಹೋಯ್ತೇನಮ್ಮಾ ಅಂತ. ಏನ್ ಹೇಳ್ಲಿ ನಾನು?"

ನಾನು ಮೂಲೆಯಲ್ಲಿ ಒರಗಿಸಿದ್ದ ಹೊಸ ಶೀಟಿನ ಹತ್ತಿರ ಹೋದೆ. ಪೊರೆಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಕೈಯಿಂದ ಮರೆಮಾಡಿ, ಮೇಷ್ಟ್ರ ಟಾರ್ಚು ಹಿಡಿದೆ. ಅಕ್ಷರವಿದ್ದ ಮುಖ ತಿಳಿನೀಲಿಯಾಗಿ ಹೊಳೆಯಿತು. ಹಿಂದಿನ ಮುಖ ಹೊಳೆಯಲಿಲ್ಲ.

ವ್ಯಾಪಾರಿ ಕಳ್ಳನಲ್ಲ. ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡೆ.

"ಅಕ್ಕ, ಒಂದು ಮುಚ್ಚಳ ಹೇಗೆ ಮಾಡ್ತೀಯ ತೋರ್ಸು."

"ಇದೇನು ಹೊಸದಾಗಿ? ಬೇಕಾದಷ್ಟು ಸಲ ನೋಡಿದೀಯ."

"ನೋಡಿದ್ದು ಗಾಜಿಂದು. ಶೀಟಿಂದು ತೋರ್ಸು."

ಅವಳಿಗೆ ಕೆಲಸ ತೋರಿಸುವುದೆಂದರೆ ಇಷ್ಟ. ಅಲ್ಯೂಮಿನಿಯಂ ಚೌಕಟ್ಟನ್ನು ಎತ್ತಿ ಮೇಜಿನ ಮೇಲೆ ಬೋರಲು ಮಲಗಿಸಿದಳು. ಶೀಟನ್ನು ಹಿಡಿದಿಡುವ ಪಟ್ಟಿ ಕೂರುವ ಸಂದು ಚೌಕಟ್ಟಿನ ಹಿಂಬದಿಗಿದೆ, ಆದ್ದರಿಂದ ಮೊದಲಿನಿಂದಲೂ ಈ ಮೇಜಿನ ಮೇಲೆ ಚೌಕಟ್ಟು ಮಲಗುವುದು ಬೋರಲಾಗಿಯೇ. ಆಮೇಲೆ ಶೀಟು ಎತ್ತಿಕೊಂಡಳು. ಒಂದು ಮುಖದ ಪೊರೆ ಸುಲಿದು ಎರಡೂ ಅಂಗೈ ಮೇಲೆ ಹಿಡಿದು, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಚೌಕಟ್ಟಿನೊಳಗೆ ಇಳಿಸಿದಳು.

ಅಕ್ಷರಗಳು ನಮ್ಮಿಬ್ಬರನ್ನೂ ನೋಡುತ್ತಿದ್ದವು.

"ಅಕ್ಷರ ಮೇಲಿರ್ಬೇಕು," ಅಂದಳು ಅಕ್ಕ. "ಶೀಟು ತಂದೋನು ಮೊದಲ್ನೇ ದಿನವೇ ಹೇಳಿ ಹೋದ, ಏನ್ ಮರೆತ್ರೂ ಇದನ್ನ ಮರೀಬೇಡಿ, ಅಕ್ಷರ ಮೇಲಿರ್ಲಿ ಅಂತ. ಒಂದು ದಿನಾನೂ ಮರ್ತಿಲ್ಲ. ಈಗ ಪಟ್ಟಿ ಹೊಡ್ದು, ಈ ಪೊರೇನೂ ಸುಲಿದು, ಅಂಟು ತುಂಬಿ ಕಳಿಸೋದು. ಅಷ್ಟೇ."

ಅಷ್ಟೇ. ಪೊರೆ ಸುಲಿದ ಮೇಲೆ ಅಕ್ಷರವಿಲ್ಲ, ಚಾವಣಿಯ ಮೇಲೆ ನಿಂತವನಿಗೆ ಯಾವುದು ಮುಖ ಯಾವುದು ಬೆನ್ನು ತಿಳಿಯುವುದಿಲ್ಲ.

ನಾನು ಅಲ್ಲಿಂದ ಹೊರಟುಹೋಗಬಹುದಿತ್ತು. ಭಾವ ಬೇಡಿಕೊಂಡದ್ದೂ ಅದನ್ನೇ. ಆದರೆ ಮೂಲೆಯಲ್ಲಿ ಕಳಿಸಲು ಸಿದ್ಧವಾದ ಮುಚ್ಚಳಗಳು ಒರಗಿದ್ದವು, ಅವುಗಳ ಮೇಲೆ ನಾಳೆ ಯಾರೋ ಕಾಲಿಡುವವರಿದ್ದರು.

"ಪೊರೆ ಸುಲೀಬೇಡ," ಅಂದೆ. "ಆ ಕಡೆ ಹಿಡ್ಕೊ. ಇದನ್ನ ಅಂಗಾತ ಮಾಡೋಣ, ಚಾವಣಿ ಮೇಲೆ ಇರೋ ಹಾಗೆ."

"ಪಟ್ಟಿ ಹೊಡೆದಿಲ್ಲ, ಶೀಟು ಬೀಳುತ್ತೆ ಕಣೇ."

"ನಾನು ಕೈ ಕೊಟ್ಟು ಹಿಡ್ದಿರ್ತೀನಿ."

ಇಬ್ಬರೂ ಸೇರಿ ತಿರುಗಿಸಿದೆವು. ಅಂಗಾತ ಬಿದ್ದ ಚೌಕಟ್ಟಿನ ಮೇಲೆ ಬರಿಯ ಶೀಟು, ನೀರಿನಷ್ಟು ತಿಳಿ.

"ಈಗ ಅಕ್ಷರ ಎಲ್ಲಿದೆ ಅಕ್ಕ?"

ಅವಳು ನೋಡಿದಳು. ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದಳು. ಆಮೇಲೆ ಬಗ್ಗಿ, ಚೌಕಟ್ಟಿನ ಅಡಿಗೆ ಕೈ ತೂರಿಸಿ, ಏನೋ ಕಳೆದುಕೊಂಡವಳ ಹಾಗೆ ತಡವಿದಳು. ಶೀಟಿನ ಆಚೆಯಿಂದ ಅವಳ ಬೆರಳುಗಳು ಹಿಮ್ಮುಖವಾಗಿದ್ದ ಅಕ್ಷರಗಳನ್ನು ಮುಟ್ಟುವುದು ನನಗೆ ಕಾಣುತ್ತಿತ್ತು.

ಕೈ ಹೊರತೆಗೆದು ಸ್ಟೂಲಿನ ಮೇಲೆ ಕೂತಳು.

"ಗಾಜಿಗೆ ಮುಖ ಬೆನ್ನು ಅಂತ ಇರ್ಲಿಲ್ಲ ಕಣೇ," ಅಂದಳು ಕೊನೆಗೆ. "ಹೇಗೆ ಹಾಕಿದ್ರೂ ಆಗ್ತಿತ್ತು. ಮೇಲೆ ಅಂದ್ರು, ಮೇಜಿಗೆ ಮೇಲೆ ಅಂತ ನಾನು... ಚಾವಣಿಗೆ ಮೇಲೆ ಅಂತ ಹೊಳೀಲೇ ಇಲ್ಲ."

"ಯಾರಿಗೂ ಹೊಳೀತಿರ್ಲಿಲ್ಲ ಅಕ್ಕ."

"ನನಗೆ ಹೊಳೀಬೇಕಿತ್ತು. ನನ್ನ ಮೇಜು."

ಇಷ್ಟು ವರ್ಷ ಊರವರ ಗುಟ್ಟುಗಳನ್ನೆಲ್ಲ ಬಗೆದು ತೆಗೆದು, ಕೊನೆಗೆ ನನ್ನನ್ನು ಎತ್ತಿ ಆಡಿಸಿದವಳ ಬುಡಕ್ಕೇ ಗುದ್ದಲಿ ಹಾಕಿದ್ದೆ. ಈ ಕಸುಬಿನ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಹೇಸಿಗೆಯಾಯಿತು.

"ನಿಮ್ಮ ಭಾವ ಒಪ್ಕೊಂಡಿದ್ದು ಇದಕ್ಕೇನಾ?"

ತಲೆಯಾಡಿಸಿದೆ.

ಅವಳ ಕಣ್ಣಲ್ಲಿ ಆಗ ನೀರು ಬಂತು. ಅತ್ತದ್ದು ತನ್ನ ತಪ್ಪಿಗಲ್ಲ. "ಮಂಕು ಮನುಷ್ಯ," ಅಂದಳು. "ನನ್ನ ಒಂದು ಮಾತು ಕೇಳ್ಬಾರ್ದಾ? ನನಗೋಸ್ಕರ ಜೈಲಿಗೆ ಹೋಗ್ತಾರಂತೆ." ಆ ಮಾತಿನಲ್ಲಿ ಹೆಮ್ಮೆಯಿತ್ತು. ಅಷ್ಟು ದೊಡ್ಡ ದುಃಖದ ನಡುವೆ ಹಿಡಿದುಕೊಳ್ಳಲು ಅವಳಿಗೆ ಸಿಕ್ಕಿದ್ದು ಅದೊಂದೇ.

ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟಳು. "ನಡಿ ಠಾಣೆಗೆ. ನಾನೇ ಹೇಳ್ತೀನಿ. ಅವರು ಮನೆಗೆ ಬರ್ಲಿ."

"ಅಕ್ಕ, ಸ್ವಲ್ಪ ಯೋಚ್ನೆ ಮಾಡು."

"ಏನು ಯೋಚ್ನೆ? ಯಾರೇ ಆಗ್ಲಿ ಬಿಡಬೇಡ ಅಂತ ಹೇಳಿದ್ದು ಯಾರು?"

ಬಾಗಿಲ ತನಕ ಹೋದವಳು ಥಟ್ಟನೆ ನಿಂತಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಆಸ್ಪತ್ರೆ," ಅಂದಳು.

"ಯಾವ ಆಸ್ಪತ್ರೆ?"

"ಬಟ್ಟೆ ಒಣಗಿಸೋ ಚಾವಣಿ. ಆ ಕಾರ್ಖಾನೆ ಜೊತೆಗೇ ಕಳಿಸಿದ್ವಿ, ಇದೇ ಶೀಟು. ಅಲ್ಲೂ ವಾರವಾರ ತೊಳೀತಾರೆ. ಫೋನ್ ಮಾಡೇ, ಬೇಗ ಮಾಡು. ಯಾರನ್ನೂ ಹತ್ತಿಸ್ಬೇಡಿ ಅನ್ನು."

ನಂಬರ್ ಅವಳೇ ಹೇಳಿದಳು. ಗಂಟೆ ಹೊಡೆಯುತ್ತಲೇ ಇತ್ತು. ಅಕ್ಕ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ನಾಟುತ್ತಿತ್ತು. ಕೊನೆಗೆ ಆಸ್ಪತ್ರೆಯ ಬಟ್ಟೆ ವಿಭಾಗದ ಮೇಲ್ವಿಚಾರಕ ಎತ್ತಿದ. ಹಿಂದೆ ಒಗೆಯುವ ಯಂತ್ರಗಳ ಸದ್ದು.

"ಚಾವಣಿ ಮಾಡಿದ ವರ್ಕ್‌ಶಾಪಿಂದ ಮಾತಾಡ್ತಿರೋದು. ತೊಳೆಯೋಕೆ ಯಾರಾದ್ರೂ ಹತ್ತಿದಾರಾ?" ಕೂಗಿ ಕೇಳಿದೆ.

"ಇಲ್ಲ ಮೇಡಂ. ಅಲ್ಲಿಗೆ ಯಾರನ್ನೂ ಬಿಡ್ತಿಲ್ಲ."

ನನಗೆ ಉಸಿರು ಬಂತು. "ಕಾರ್ಖಾನೆ ಸುದ್ದಿ ಕೇಳಿ ನಿಲ್ಲಿಸಿದ್ರಾ?"

"ಯಾವ ಕಾರ್ಖಾನೆ?" ಅವನಿಗೆ ಅರ್ಥವಾಗಲಿಲ್ಲ. "ಮಳೆಗಾಲಕ್ಕೆ ಮುಂಚೇನೇ ನಿಮ್ಮ ಫಿಟ್ಟರ್ ಬಂದಿದ್ರಲ್ಲ. ಶೀಟು ಮುಟ್ಟಿ ನೋಡಿ, ಇದು ಕೆಟ್ಟಿದೆ, ಕಾಲಿಟ್ರೆ ಒಡೆಯುತ್ತೆ, ಯಾರೂ ಹತ್ತಬೇಡಿ ಅಂದ್ರು. ಏಣೀನೂ ಬಿಚ್ಚಿ ಇಟ್ಟು ಹೋದ್ರು. ಯಾರಿಗೂ ಹೇಳ್ಬೇಡಿ, ನಾನೇ ಒಂದೊಂದಾಗಿ ಬದಲಾಯಿಸ್ತೀನಿ ಅಂದಿದ್ರು."

ಮಳೆಗಾಲಕ್ಕೆ ಮುಂಚೆ. ಪೈಪಣ್ಣ ಬಿದ್ದದ್ದು ಮಳೆ ಮುಗಿದ ಮೇಲೆ. ಆ ಮಳೆಗಾಲವಿಡೀ, ಅದು ಮುಗಿದ ಮೇಲೂ, ಆ ಮುದುಕ ದಿನಾ ಕಾರ್ಖಾನೆಯ ಚಾವಣಿ ಹತ್ತಿ ಉಜ್ಜುತ್ತಿದ್ದ. ಭಾವ ಅಲ್ಲಿಗೆ ಹೋಗಿ ಒಂದು ಮಾತೂ ಹೇಳಿರಲಿಲ್ಲ.

"ಹಲೋ? ಮೇಡಂ?"

ಫೋನು ಕಿವಿಯಿಂದ ಕೆಳಗಿಳಿಸಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾರೂ ಹತ್ತಿಲ್ಲ ತಾನೇ?"

"ಇಲ್ಲ."

ಅವಳು ಕಣ್ಣು ಮುಚ್ಚಿ, ಬಾಗಿಲಿಗೆ ತಲೆ ಆನಿಸಿ, ದೀರ್ಘವಾಗಿ ಉಸಿರು ಬಿಟ್ಟಳು.

"ಸದ್ಯ," ಅಂದಳು. "ಯಾರೋ ಪುಣ್ಯಾತ್ಮರು ತಡೆದಿದಾರೆ. ಯಾರಂತೇ ಪುಟ್ಟಿ?"